ಆರು ಟೈರ್, ಆರು ಸೆನ್ಸರ್: ಮೋಟರ್‌ಹೋಮ್ ಕೆಲಸದ ದಿನಚರಿ

ಗಾಡಿ ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಮುಂದೆ ವ್ಯಾನಿನ ಕ್ಯಾಬಿನ್, ಹಿಂದೆ ಮನೆ ಇರುವ ಗಾಡಿ. ನಿಲ್ಲುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮುಂದೆ ಎರಡು ಟೈರ್, ಹಿಂದೆ ಎರಡು ಜೋಡಿ. ಅಳತೆ ಎಲ್‌ಟಿ225/75ಆರ್16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಗಾಳಿ ಒತ್ತಡದ ಎಚ್ಚರಿಕೆ ಕಡ್ಡಾಯವಾಗಿ ಬಹಳ ವರ್ಷವಾಯಿತು. ಆದರೆ ಆ ನಿಯಮ 10,000 ಪೌಂಡ್‌ವರೆಗಿನ, ಜೋಡಿ ಚಕ್ರ ಇಲ್ಲದ ಗಾಡಿಗಳಿಗೆ ಮಾತ್ರ. ಈ ಗಾಡಿಯ ಒಟ್ಟು ತೂಕದ ಮಿತಿ 14,500 ಪೌಂಡ್, ಹಾಗಾಗಿ ಗಾಳಿ ಒತ್ತಡ ಅಳೆಯುವ, ವಾಲ್ವ್ ತುದಿಗೆ ಟೋಪಿಯಂತೆ ತಿರುಗಿಸಿ ಹಾಕುವ ಸೆನ್ಸರ್ ನಾವೇ ಕೂರಿಸಬೇಕು.

ಸೆನ್ಸರ್ ಬೇಕಾಗಿರುವುದೇ ಹಿಂದಿನ ಜೋಡಿಗೆ. ಒಳಗಿನ ಟೈರ್‌ನಲ್ಲಿ ಗಾಳಿ ಇಳಿದರೆ ಹೊರಗಿನದು ಭಾರ ಹೊತ್ತು ನಿಲ್ಲುತ್ತದೆ. ಗಾಡಿ ವಾಲುವುದಿಲ್ಲ, ಸ್ಟೀರಿಂಗ್ ಎಳೆಯುವುದಿಲ್ಲ. ನಮ್ಮೂರ ಕಡೆ ಲಾರಿ ನಿಂತಾಗ ಕ್ಲೀನರ್ ರಾಡ್ ಹಿಡಿದು ಹಿಂದಿನ ಟೈರ್‌ಗಳನ್ನು ತಟ್ಟಿ ಸದ್ದು ಕೇಳುವುದು ಇದಕ್ಕೇ. ಪೂರ್ತಿ ಗಾಳಿ ಹೋದ ಟೈರ್ ಆ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಒತ್ತಡ 80ರಿಂದ 65 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್ ಲೆಕ್ಕದ ಅಳತೆ) ಇಳಿದದ್ದು ಸಿಗುವುದಿಲ್ಲ.

ಮೊದಲ ಶನಿವಾರ: ತೂಕ

ನೀರಿನ ಟ್ಯಾಂಕ್, ಗ್ಯಾಸ್, ಸಾಮಾನು, ಜನ ಎಲ್ಲ ತುಂಬಿಸಿಕೊಂಡು ವೇಬ್ರಿಡ್ಜ್‌ಗೆ. ಮುಂದಿನ ಆ್ಯಕ್ಸಲ್ 4,050 ಪೌಂಡ್, ಹಿಂದಿನದು 9,000. ಎಡ, ಬಲ ಬೇರೆ ತೂಗಿದಾಗ ಹಿಂದಿನ ಎಡ ಜೋಡಿ 4,400, ಬಲ ಜೋಡಿ 4,600.

ಈ ಅಳತೆಯ ಟೈರ್ 65 ಪಿಎಸ್‌ಐನಲ್ಲಿ ಒಂಟಿಯಾಗಿ 2,335 ಪೌಂಡ್, ಜೋಡಿಯಲ್ಲಿ 2,150 ಪೌಂಡ್ ಹೊರುತ್ತದೆ. 80ರಲ್ಲಿ 2,680 ಮತ್ತು 2,470. ಮುಂದಿನ ಒಂದೊಂದರ ಮೇಲೆ 2,025 ಪೌಂಡ್, ಆದ್ದರಿಂದ 65 ಸಾಕು. ಹಿಂದಿನ ಬಲಗಡೆ ಒಂದೊಂದಕ್ಕೆ 2,300 ಪೌಂಡ್ ಬೀಳುತ್ತದೆ, ಅದನ್ನು ಹೊರಲು ಸುಮಾರು 72 ಪಿಎಸ್‌ಐ ಬೇಕೇ ಬೇಕು. ಹಿಂದೆ 80 ಹಾಕಿದೆವು. ಒಂದೇ ಆ್ಯಕ್ಸಲ್‌ನ ಎಲ್ಲ ಟೈರ್‌ಗೂ ಒಂದೇ ಒತ್ತಡ. ಹಗುರ ಇರುವ ಬದಿಗೆ ಕಡಿಮೆ ಹಾಕುವಂತಿಲ್ಲ.

ಎರಡನೇ ಶನಿವಾರ: ವಾಲ್ವ್

ಈ ಕೆಲಸದ ಜೀವ ಇಲ್ಲಿದೆ. ಪೆಟ್ಟಿಗೆ ಬಿಚ್ಚಿ ಸೆನ್ಸರ್ ತಿರುಗಿಸಿ ಹಾಕಿ ಹೊರಟುಬಿಡುವವರೇ ಹೆಚ್ಚು. ಆಮೇಲೆ ಟೈರ್ ಇಳಿದರೆ ಸೆನ್ಸರನ್ನು ಬೈಯುತ್ತಾರೆ, ತಪ್ಪು ವಾಲ್ವ್‌ನದ್ದು.

ಮುಂದಿನ ಚಕ್ರದಲ್ಲಿ ಇದ್ದದ್ದು ಟಿಆರ್413, ಕಾರುಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್. ಅದರ ಮಿತಿ 65 ಪಿಎಸ್‌ಐ, ನಾವು ಹಾಕುವುದೂ 65. ಕೈಗೆ ಹಗುರ ಅನ್ನಿಸುವ ಸೆನ್ಸರ್ ಚಕ್ರ ತಿರುಗುವಾಗ ತನ್ನ ತೂಕದ ಎಷ್ಟೋ ಪಟ್ಟು ಬಲದಿಂದ ವಾಲ್ವನ್ನು ಹೊರಕ್ಕೆ ಎಳೆಯುತ್ತದೆ. ರಬ್ಬರ್ ಬುಡದಲ್ಲಿ ಬಾಗಿ ಬಾಗಿ ಸೀಳುತ್ತದೆ. ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿ ನೋಡಿ: ರಿಮ್‌ಗೆ ಅಂಟಿದ ಕಡೆ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಸಾಬೂನು ನೀರು ಹಚ್ಚಿ ಒತ್ತಿದಾಗ ಎಡಗಡೆಯದರಲ್ಲಿ ಸಣ್ಣ ಗುಳ್ಳೆಗಳ ಸಾಲೇ ಎದ್ದಿತು.

ಆರಕ್ಕೂ ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಿದ್ದಾಯಿತು. ಒಳಗಿನ ಟೈರ್‌ಗೆ ಹೊರ ಚಕ್ರದ ಕಿಂಡಿಯಿಂದ ಆಚೆ ಬರುವ ಉದ್ದನೆಯ ಬಾಗಿದ ಲೋಹದ ವಾಲ್ವ್. ಇದ್ದ ರಬ್ಬರ್ ಎಕ್ಸ್‌ಟೆನ್ಷನ್ ಪೈಪುಗಳನ್ನು ಕಿತ್ತು ಎಸೆದೆವು. ಪೈಪಿನ ಎರಡೂ ತುದಿ ಸೋರುವ ಜಾಗ. ಅದರ ಮೇಲೆ ಸೆನ್ಸರ್ ಕೂತರೆ ವಾಲ್ವ್ ಪಿನ್ ಸದಾ ಒತ್ತಿಯೇ ಇರುತ್ತದೆ, ಪೈಪು ಬಿರಿದರೆ ಗಾಳಿಯನ್ನು ತಡೆಯುವವರಿಲ್ಲ.

ಮೂರನೇ ಶನಿವಾರ: ಸೆನ್ಸರ್

ತಿರುಗಿಸುವ ಮೊದಲು ವಾಲ್ವ್‌ನ ತಿರುಪಿನ ಗೆರೆಗಳಿಗೆ ಆ್ಯಂಟಿ-ಸೀಜ್ ಗ್ರೀಸ್ ತೆಳುವಾಗಿ. ಹಿತ್ತಾಳೆ ವಾಲ್ವ್ ಮೇಲೆ ಅಲ್ಯುಮಿನಿಯಂ ಇರುವ ಸೆನ್ಸರ್ ಕೂತು ಮಳೆ, ಉಪ್ಪಿನ ರಸ್ತೆ ಕಂಡರೆ ಎರಡೂ ಕಚ್ಚಿಕೊಳ್ಳುತ್ತವೆ. ಇಕ್ಕಳ ಹಾಕಿದರೆ ವಾಲ್ವೇ ಮುರಿಯುತ್ತದೆ. ಬಿಗಿಯುವುದು ಕೈಯಲ್ಲಿ ಮಾತ್ರ. ಬಿಗಿದ ಮೇಲೆ ಸಾಬೂನು ನೀರು, ಎರಡು ನಿಮಿಷ ಕಾಯುವುದು. ಗುಳ್ಳೆ ಬಂದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ವಾಷರ್ ಸೊಟ್ಟಗೆ ಕೂತಿರುತ್ತದೆ.

ಹಿಂದಿನ ಸೆನ್ಸರ್‌ಗಳ ಸಿಗ್ನಲ್ ಡ್ಯಾಶ್‌ಬೋರ್ಡ್ ಮೇಲಿನ ಮೀಟರ್ ತನಕ ಬರಲಿಲ್ಲ. ನಡುವೆ ನೆಲದ ಕಬ್ಬಿಣ, ನೀರಿನ ಟ್ಯಾಂಕ್. ಹಿಂದಿನ ಆ್ಯಕ್ಸಲ್ ಹತ್ತಿರದ 12 ವೋಲ್ಟ್ ತಂತಿಯಿಂದ 1 ಆಂಪ್ ಫ್ಯೂಸ್ ಮೂಲಕ, ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್‌ಗೆ ಕರೆಂಟ್ ಕೊಟ್ಟ ಮೇಲೆ ಆರೂ ಬಂದವು.

ನಾಲ್ಕನೇ ವಾರ: ಅಲಾರ್ಮ್ ಎಷ್ಟಕ್ಕೆ

ಮೀಟರ್‌ನಲ್ಲಿ ಮೊದಲೇ ಇಟ್ಟು ಬಂದ ಅಲಾರ್ಮ್ ಲೆಕ್ಕ ಶೇ 15 ಕೆಳಗೆ, ಅಂದರೆ ಹಿಂದೆ 68. ಬಲ ಜೋಡಿಗೆ 72 ಬೇಕಾಗಿರುವಾಗ 68ಕ್ಕೆ ಕೂಗುವ ಅಲಾರ್ಮ್ ತಡವಾಗಿ ಬಂದ ಅಲಾರ್ಮ್. ಹಿಂದೆ 74, ಮುಂದೆ 58ಕ್ಕೆ ಇಟ್ಟಿದ್ದೇವೆ.

ಅದರ ಪರೀಕ್ಷೆ ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿ ಆಗುತ್ತದೆ. ಸ್ಯಾನ್ ಹೋಸೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ 80 ಹಾಕಿದ ಟೈರ್, ಮೈನಸ್ 5 ಡಿಗ್ರಿಗೆ ಇಳಿದರೆ ಸಮುದ್ರಮಟ್ಟದಲ್ಲಿ 72 ತೋರಿಸಬೇಕು. ದಾರಿಯಲ್ಲಿ ಸಿಗುವ ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರು ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ 3 ಪಿಎಸ್‌ಐಗೂ ಮಿಕ್ಕಿ ಕಡಿಮೆ ಇರುವುದರಿಂದ ಮೀಟರ್ 75ರ ಆಸುಪಾಸು ತೋರಿಸುತ್ತದೆ, ಅಲಾರ್ಮ್‌ನ ಅಂಚಿನಲ್ಲಿ. ಚಳಿ ಇನ್ನೊಂದಿಷ್ಟು ಏರಿದರೆ ಕೂಗುತ್ತದೆ. ಅದು ಸುಳ್ಳು ಕೂಗಲ್ಲ, ಹೊರಡುವ ಮುಂಚೆ ಗಾಳಿ ಹಾಕಬೇಕು.

ಹಾಗೆ ಫ್ಲ್ಯಾಗ್‌ಸ್ಟಾಫ್‌ನ ಚಳಿಯಲ್ಲಿ ಪೂರ್ತಿ 80 ಹಾಕಿಕೊಂಡು ಕ್ಯಾಲಿಫೋರ್ನಿಯಾದ ಮರುಭೂಮಿ ಊರು ನೀಡಲ್ಸ್‌ನ 30 ಡಿಗ್ರಿಗೆ ಇಳಿದರೆ ನಿಂತ ಗಾಡಿಯಲ್ಲೇ 88–89 ಆಗುತ್ತದೆ, ಓಡುವಾಗ ಇನ್ನೂ ಏರುತ್ತದೆ. ಅದಕ್ಕೆ ಮೇಲಿನ ಅಲಾರ್ಮ್ ಶೇ 20ರ ಬದಲು ಶೇ 25 ಮೇಲೆ, ಹಿಂದೆ 100. ಬಿಸಿ ಟೈರ್‌ನಿಂದ ಗಾಳಿ ಬಿಡಲೇಬಾರದು. ರಾತ್ರಿ ತಣ್ಣಗಾದ ಮೇಲೆ ನೋಡಿ ಸರಿಪಡಿಸುವುದು.

ಸೆನ್ಸರ್ ತೋರಿಸುವ ಉಷ್ಣತೆಯನ್ನು ನಂಬಿ ಕೂರಬೇಡಿ. ಟೋಪಿಯಂತೆ ವಾಲ್ವ್ ತುದಿಯಲ್ಲಿರುವ ಸೆನ್ಸರ್‌ಗೆ ತಗಲುವುದು ಹೊರಗಿನ ಗಾಳಿ ಮತ್ತು ಬ್ರೇಕಿನ ಕಾವು, ಟೈರ್ ಒಳಗಿನ ಬಿಸಿ ಅಲ್ಲ. ಉಪಯೋಗ ಹೋಲಿಕೆಯಲ್ಲಿದೆ: ಬಿಸಿಲು ಬೀಳುವ ಬದಿ ಎರಡು ಮೂರು ಪಿಎಸ್‌ಐ ಹೆಚ್ಚಿದ್ದರೆ ಸಹಜ, ಒಂದೇ ಜೋಡಿಯಲ್ಲಿ ಒಂದು ಏರುತ್ತಾ ಇನ್ನೊಂದು ಏರದೆ ನಿಂತರೆ ಅದು ಸೋರುತ್ತಿದೆ.

ಬಾಕಿ ಇರುವುದು ಸ್ಟೆಪ್ನಿ. ಗಾಡಿಯಡಿ ತೂಗುತ್ತಿರುವ ಅದರಲ್ಲಿ ಇನ್ನೂ ಹಳೆ ರಬ್ಬರ್ ವಾಲ್ವ್ ಇದೆ. ಅದನ್ನು ಬದಲಿಸಿ ಏಳನೇ ಸೆನ್ಸರ್ ಹಾಕುವಾಗಲೇ ಉಳಿದ ಆರರ ಸಿಆರ್1632 ಬ್ಯಾಟರಿ ಬದಲಿಸಿದ ತಿಂಗಳನ್ನು ಒಳಗಡೆ ಪೆನ್ನಿನಲ್ಲಿ ಬರೆಯಬೇಕು.