ಮನೆಯ ಬೆನ್ನಿಗೆ ಬೀಳುವ ಬಿಸಿಲು

ಹಳ್ಳಿಯ ಮನೆಗಳ ಚಿತ್ರ ತೆಗೆಯಲು ಹೊರಟವರು ಸಾಮಾನ್ಯವಾಗಿ ತಲೆಬಾಗಿಲ ಮುಂದೆಯೇ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಕೆತ್ತನೆಯ ಚೌಕಟ್ಟು, ಹೊಸ್ತಿಲ ಮೇಲಿನ ರಂಗೋಲಿ, ಎರಡೂ ಬದಿಯ ಕಟ್ಟೆ, ಕಟ್ಟೆಯ ಮೇಲೆ ಕುಳಿತ ಹಿರಿಯರು ಎಲ್ಲ ಅಲ್ಲೇ ಇರುವುದರಿಂದ ಅದು ಸಹಜವೇ. ಆದರೆ ಬಾದಾಮಿ, ಗುಳೇದಗುಡ್ಡ, ಹುನಗುಂದ ಕಡೆಯ ಊರುಗಳಲ್ಲಿ ಹಲವು ಚಳಿಗಾಲಗಳನ್ನು ಕಳೆದ ಮೇಲೆ ನನಗೆ ಖಚಿತವಾಗಿರುವ ಒಂದು ಮಾತಿದೆ: ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಚಿತ್ರಕ್ಕೆ ಯೋಗ್ಯವಾದುದು ಮನೆಯ ಮುಖವಲ್ಲ, ದಕ್ಷಿಣದ ಗೋಡೆ. ನಮ್ಮಲ್ಲಿ ದಕ್ಷಿಣಕ್ಕೆ ಬಾಗಿಲಿಡುವವರು ಕಡಿಮೆಯಾದ್ದರಿಂದ ಆ ಗೋಡೆ ಹೆಚ್ಚಾಗಿ ಹಿತ್ತಲಿನದೋ ಮಗ್ಗುಲಿನದೋ ಆಗಿರುತ್ತದೆ. ಕಿಟಕಿ ಇದ್ದರೂ ಒಂದು ಸಣ್ಣದು, ಅಲಂಕಾರವಂತೂ ಇಲ್ಲವೇ ಇಲ್ಲ.

ಇದರ ಕಾರಣ ಸೂರ್ಯನ ದಾರಿಯಲ್ಲಿದೆ. ಬಾದಾಮಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಅದಕ್ಕಿಂತ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು. ನಡುಮಧ್ಯಾಹ್ನದಲ್ಲಿಯೂ ಅವನು ನೆತ್ತಿಗೆ ಬಾರದೆ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಷ್ಟೇ ನಿಲ್ಲುತ್ತಾನೆ. ಹಾಗಾಗಿ ಬೆಳಗಿನ ಮೊದಲ ಬಿಸಿಲು ಪೂರ್ವದ ಗೋಡೆಗೆ ಹೆಚ್ಚುಕಡಿಮೆ ಎದುರಿನಿಂದ ಬಿದ್ದು ಅದನ್ನು ಚಪ್ಪಟೆಯಾಗಿಸಿದರೆ, ದಕ್ಷಿಣದ ಗೋಡೆಯನ್ನು ಮಾತ್ರ ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಗೋಡೆಯ ಮೇಲಿನ ಒಂದೊಂದು ಉಬ್ಬಿಗೂ ಆಗ ತನ್ನದೇ ನೆರಳಿರುತ್ತದೆ. ಉತ್ತರದ ಗೋಡೆಗೆ ಈ ಕಾಲದಲ್ಲಿ ನೇರ ಬಿಸಿಲು ತಾಗುವುದೇ ಇಲ್ಲ.

ಈ ಬೆಳಕು ಹೆಚ್ಚು ಹೊತ್ತು ಕಾಯುವುದಿಲ್ಲ. ಉತ್ತರ ಯುರೋಪಿನ ಛಾಯಾಗ್ರಾಹಕರಿಗೆ ಚಳಿಗಾಲದಲ್ಲಿ ದಿನವಿಡೀ ಓರೆ ಬಿಸಿಲು ಸಿಗುತ್ತದೆ. ನಮ್ಮಲ್ಲಿ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ ಹದಿಮೂರು ಡಿಗ್ರಿ ಏರಿಬಿಡುತ್ತಾನೆ. ಅರ್ಧ ಗಂಟೆಗೆ ಕಂಬದ ನೆರಳು ಅದರ ಎತ್ತರದ ಒಂಬತ್ತು ಪಟ್ಟು ಇದ್ದರೆ, ಒಂದು ಗಂಟೆಗೆ ನಾಲ್ಕು ಪಟ್ಟಿಗೆ ಇಳಿದಿರುತ್ತದೆ. ಅಷ್ಟುದ್ದದ ನೆರಳುಗಳ ನಡುವೆ ಓಣಿಯೊಳಗಿನ ಗೋಡೆಗಳಿಗೆ ಬೆಳಕು ತಲುಪುವುದಾದರೂ ಹೇಗೆ? ಆದ್ದರಿಂದ ಮೊದಲ ಬಿಸಿಲು ಸಿಗುವುದು ಊರಿನ ಅಂಚಿನ, ಹೊಲಕ್ಕೆ ಬೆನ್ನು ಮಾಡಿದ ಮನೆಗಳಿಗೆ, ಮತ್ತು ಅಲ್ಲಿ ಛಾಯಾಗ್ರಾಹಕ ನಿಲ್ಲಬೇಕಾದ ಜಾಗ ಬಹುತೇಕ ತಿಪ್ಪೆ. ಟ್ರೈಪಾಡಿನ ಕಾಲು ತೊಳೆಯಲು ಒಂದು ಬಾಟಲಿ ನೀರು ಜೊತೆಗಿರುವುದು ಒಳ್ಳೆಯದು.

ಕಾಲವೂ ಈ ಗೋಡೆಗಳಿಗೆ ಅನುಕೂಲಕರವಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಸವೆದ, ಕಿತ್ತುಹೋದ ಮಣ್ಣಿನ ಗಿಲಾವನ್ನು ದಸರೆ, ದೀಪಾವಳಿಯ ಹೊತ್ತಿಗೆ ಮತ್ತೆ ಮೆತ್ತಿ, ಅನುಕೂಲವಿದ್ದವರು ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಿರುತ್ತಾರೆ. ಮಣ್ಣಿಗೆ ಕಲಸಿದ ಹೊಟ್ಟಿನ ಎಳೆಗಳು ಓರೆ ಬಿಸಿಲಿನಲ್ಲಿ ಒಂದೊಂದಾಗಿ ಹೊಳೆಯುತ್ತವೆ. ಗಿಲಾವು ಮಾಡಿದವರ ಅಂಗೈ ಎಲ್ಲಿ ಶುರುವಾಗಿ ಎಲ್ಲಿ ನಿಂತಿತೆಂಬುದು ಕಮಾನಿನ ಗೆರೆಗಳಾಗಿ ಕಾಣುತ್ತದೆ. ಬಾದಾಮಿಯ ಸುತ್ತಿನ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಾದರೆ ಉಳಿಯ ಏಟುಗಳ ಓರೆ ಸಾಲುಗಳು ಎದ್ದು ಬರುತ್ತವೆ. ಮಧ್ಯಾಹ್ನ ಅದೇ ಗೋಡೆಯನ್ನು ನೋಡಿದರೆ ಇದ್ಯಾವುದೂ ಇರುವುದಿಲ್ಲ.

ಬಿಸಿಲು ಚೆನ್ನಾಗಿ ಬೀಳುವ ಗೋಡೆ ಎಂಬುದು ಛಾಯಾಗ್ರಾಹಕನಿಗಿಂತ ಮೊದಲು ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ, ಏಕೆಂದರೆ ಕುಳ್ಳು (ಬೆರಣಿ) ಬಡಿಯುವುದು ಅಲ್ಲಿಯೇ. ಬಾದಾಮಿ ತಾಲ್ಲೂಕಿನ ಒಂದು ಊರಿನಲ್ಲಿ ಅಂಥದೊಂದು ಗೋಡೆಯ ಮುಂದೆ ನಾನು ನಿಂತಿದ್ದಾಗ, ಹಿತ್ತಲಿಗೆ ಬಂದ ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿದರು: “ಮುಂದಿನ ಬಾಗಲಾ ಅಷ್ಟ ಚಂದ ಐತಿ, ಅದನ್ನ ಬಿಟ್ಟು ಕುಳ್ಳ ಬಡದ ಗ್ವಾಡಿ ಫೋಟೋ ಯಾಕ ತಗೀತಿಯೋ ಯಪ್ಪಾ?” ಬಿಸಿಲು ಇಲ್ಲಿ ಚೆನ್ನಾಗಿದೆ ಎಂದೆ. “ಹಂಗಾದ್ರ ತಡಿ, ಒಣಗಿದ್ದೂ ತಗದ ಬಿಡ್ತೀನಿ, ಗ್ವಾಡಿ ಸ್ವಚ್ಛ ಕಾಣಸ್ತೈತಿ” ಎಂದು, ಬೇಡವೆಂದರೂ ಕೇಳದೆ, ಬುಟ್ಟಿ ತಂದು ಒಂದು ಸಾಲನ್ನು ಕಿತ್ತೇಬಿಟ್ಟರು. ಕುಳ್ಳು ಎದ್ದ ಜಾಗದಲ್ಲಿ ದುಂಡನೆಯ ಕಂದು ಗುರುತುಗಳೂ ಅಂಟಿಕೊಂಡ ಹುಲ್ಲೆಳೆಗಳೂ ಉಳಿದವು. ಅದರ ಕೆಳಗಿನ ಸಾಲಿನಲ್ಲಿ ಇನ್ನೂ ಹಸಿಯಾಗಿದ್ದ ಕುಳ್ಳುಗಳ ಮೇಲೆ ಐದೂ ಬೆರಳುಗಳ ಅಚ್ಚು, ಪ್ರತಿ ಬೆರಳಿನ ತಗ್ಗಿನಲ್ಲೂ ನೆರಳು. ಕಿರುಬೆರಳಿನ ಗುರುತು ಯಾವುದರಲ್ಲಿಯೂ ಆಳವಿರಲಿಲ್ಲ. ಆ ಬೆರಳು ಪೂರ್ತಿ ಚಾಚುವುದಿಲ್ಲವೆಂಬುದನ್ನು ಅಜ್ಜಿ ಬುಟ್ಟಿ ಎತ್ತಿಕೊಂಡಾಗ ಗಮನಿಸಿದೆ.

ಇಂಥ ಬೆಳಕಿನಲ್ಲಿ ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆಗಳನ್ನು ನಂಬುವುದಕ್ಕಾಗದು. ಸುಣ್ಣದ ಗೋಡೆಯನ್ನು ಬೆಳಕು ಅಳೆಯುವ ಮೀಟರ್ ಬೂದು ಬಣ್ಣವೆಂದು ಭಾವಿಸಿ ಚಿತ್ರವನ್ನು ಕಪ್ಪಾಗಿಸುವುದರಿಂದ ಸುಮಾರು ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಡಬೇಕಾಗುತ್ತದೆ. ಬಣ್ಣಗಳ ಛಾಯೆಯನ್ನು ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಬಿಸಿಲಿನ ಹಳದಿಯನ್ನೂ ನೆರಳಿನ ನೀಲಿಯನ್ನೂ ಅದು ತೊಳೆದುಹಾಕುತ್ತದೆ. ನಾನು ಅದನ್ನು ಡೇಲೈಟ್‌ಗೆ ಕಟ್ಟಿಹಾಕಿ, ಚಿತ್ರವನ್ನು ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿ ಉಳಿಸಿಕೊಳ್ಳುತ್ತೇನೆ. ಮೊಬೈಲಿನಲ್ಲಿ ತೆಗೆಯುವವರು ಎಚ್‌ಡಿಆರ್ ಎಂಬ ಆಯ್ಕೆಯನ್ನು ಆಫ್ ಮಾಡಿಬಿಡಬೇಕು. ನೆರಳನ್ನು ಎತ್ತಿ ಬೆಳಗಿಸುವುದೇ ಅದರ ಕೆಲಸವಾದ್ದರಿಂದ, ಯಾವ ನೆರಳಿಗಾಗಿ ನಸುಕಿನಲ್ಲಿ ಎದ್ದು ಬಂದೆವೋ ಅದನ್ನೇ ಅದು ಅಳಿಸಿಹಾಕುತ್ತದೆ.

ಬಿಸಿಲೇ ಬೇಡವೆನ್ನುವ ಪಂಥವೂ ಇದೆ. ಜರ್ಮನಿಯ ಬೆರ್ಂಡ್ ಮತ್ತು ಹಿಲ್ಲಾ ಬೆಖರ್ ದಂಪತಿ ಜೀಗನ್ ಪ್ರದೇಶದ ಮರದ ಚೌಕಟ್ಟಿನ ಮನೆಗಳನ್ನೂ ಕಾರ್ಖಾನೆಗಳ ಕಟ್ಟಡಗಳನ್ನೂ ಮೋಡ ಕವಿದ ಆಕಾಶದ ಕೆಳಗೆ, ನೆರಳಿಲ್ಲದ ಸಮ ಬೆಳಕಿನಲ್ಲಿ, ಎದುರಿನಿಂದ ತೆಗೆದರು. ಹತ್ತು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳ ರಚನೆಯನ್ನು ಹೋಲಿಸಬೇಕಾದಾಗ ಆ ವಿಧಾನಕ್ಕೆ ಸಾಟಿಯಿಲ್ಲ. ಆದರೆ ನಮ್ಮ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳ ಆಕಾರದಲ್ಲಿ ಅಷ್ಟು ವೈವಿಧ್ಯವಿಲ್ಲ. ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ಒಂದು ಬಾಗಿಲು, ಅಷ್ಟೇ. ಒಂದು ಮನೆ ಇನ್ನೊಂದಕ್ಕಿಂತ ಬೇರೆಯಾಗುವುದು ಗೋಡೆಯ ಮೈಯಲ್ಲಿ, ಮತ್ತು ಆ ಮೈ ಕಾಣಬೇಕಾದರೆ ಬಿಸಿಲು ಬೇಕೇ ಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ಎರಡು ದಿನ ಮೋಡ ಮುಚ್ಚಿಕೊಂಡರೆ ನಾನು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ.

ಈ ಭಾಗದ ಕಟ್ಟಡಗಳಿಗೂ ಛಾಯಾಗ್ರಹಣಕ್ಕೂ ಇರುವ ನಂಟು ಹಳೆಯದು. ಬೊಂಬಾಯಿ ಸರ್ಕಾರ 1855ರಲ್ಲಿ ನೇಮಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ತೆಗೆದರು. ಕಾಗದದ ನಾರು ಸೂಕ್ಷ್ಮ ವಿವರಗಳನ್ನು ಮಸುಕಾಗಿಸುತ್ತಿದ್ದುದರಿಂದ ಆ ವಿಧಾನ ದೊಡ್ಡ ಆಕಾರಗಳಿಗೇ ಹೆಚ್ಚು ಒಗ್ಗುತ್ತಿತ್ತು. ಅವರಿಗೆ ಬೇಕಾಗಿದ್ದುದೂ ಗುಡಿಗಳು ಮತ್ತು ಗೋರಿಗಳು, ಒಕ್ಕಲಿಗರ ಮನೆಗಳಲ್ಲ. ಆದರೆ ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯನ್ನು ಚಳಿಗಾಲದ ಬೆಳಿಗ್ಗೆ ನೋಡಬೇಕು. ಹಾಸುಗಲ್ಲುಗಳ ಸಂದುಗಳ ಮೇಲೆ ಉದ್ದಕ್ಕೆ ಕೂರಿಸಿದ ಕಲ್ಲಿನ ಪಟ್ಟಿಗಳು ಓರೆ ಬಿಸಿಲಿನಲ್ಲಿ ಗೆರೆ ಎಳೆದಂತೆ ನಿಲ್ಲುತ್ತವೆ. ಅದು ಮರದ ಕಟ್ಟಡದ ಅನುಕರಣೆ ಎಂದು ವಿದ್ವಾಂಸರು ಹೇಳುತ್ತಾರೆ. ಕಲ್ಲಿನ ಗುಡಿ ಮನುಷ್ಯರ ಮನೆಯಿಂದ ಕಲಿತದ್ದು ಹೌದಾದರೆ, ಮನೆಗೂ ಒಂದಿಷ್ಟು ನೆಗೆಟಿವ್ ಖರ್ಚು ಮಾಡಬಹುದಿತ್ತು.

ಮನೆಯ ಒಳಗಿನ ಲೆಕ್ಕ ಬೇರೆ. ಇಲ್ಲಿನ ಹಳೆಯ ಮನೆಗಳಲ್ಲಿ ಮುಂದಿನ ಅಂಕಣ ದನಗಳದು, ಅದಕ್ಕಿಂತ ಎತ್ತರದ ಪಡಸಾಲೆ ಮನುಷ್ಯರದು, ಒಳಗಿನ ಅಡುಗೆಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಆ ಬೆಳಕು ಕಿಂಡಿಯ ನೇರ ಕೆಳಗೆ, ನೆಲದ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಡಿಸೆಂಬರಿನಲ್ಲಾದರೆ, ಒಂಬತ್ತು ಅಡಿ ಎತ್ತರದ ಮಾಳಿಗೆಯಿಂದ ಇಳಿದ ಮಧ್ಯಾಹ್ನದ ಬಿಸಿಲುಕೋಲು ಏಳು ಅಡಿಗೂ ಹೆಚ್ಚು ಉತ್ತರಕ್ಕೆ ಸರಿದಿರುತ್ತದೆ. ಕೋಣೆ ಚಿಕ್ಕದಾಗಿದ್ದರೆ ಅದು ಗೋಡೆಯನ್ನೇ ಹತ್ತಿ, ಅಲ್ಲಿ ಸಾಲಾಗಿ ಜೋಡಿಸಿದ ಗಡಿಗೆಗಳ ಮೇಲೆ, ಮಾಡದೊಳಗಿನ ದೀಪದ ಮೇಲೆ ಬೀಳುತ್ತದೆ. ಒಲೆ ಹೊತ್ತಿಸಿದ್ದರೆ ಹೊಗೆಯಲ್ಲಿ ಕೋಲಿನ ಆಕಾರವೂ ಕಾಣುತ್ತದೆ, ಆದರೆ ಚಿತ್ರಕ್ಕಾಗಿ ಒಲೆ ಹೊತ್ತಿಸಿ ಎಂದು ಕೇಳುವುದು ನನಗೆ ಸರಿಕಾಣುವುದಿಲ್ಲ. ಅಡುಗೆಮನೆಯೊಳಕ್ಕೆ ಕರೆಯದೆ ಹೋಗುವುದಂತೂ ದೂರದ ಮಾತು.

ಕ್ಯಾಮೆರಾ ಹಿಡಿದು ಗೋಡೆ ನೋಡುವವನನ್ನು ಜನ ಸುಮ್ಮನೆ ಬಿಡುವುದೂ ಇಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿದಾಗ ನದಿದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದಿದ್ದವು. ಆಮೇಲೆ ಬಿರುಕಿನ ಫೋಟೋ ತೆಗೆಯುವವರೆಂದರೆ ಸರ್ವೇಗೆ ಬಂದವರು ಎಂಬುದೇ ಊರವರ ತಿಳಿವಳಿಕೆ. “ನಮ್ಮ ಮನಿ ಹೆಸರ ಬರಕೊಂಡ್ರೇನ್ರೀ?” ಎಂದು ಕೇಳಿದವರಿಗೆ ನಾನು ಯಾವ ಕಚೇರಿಯವನೂ ಅಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಬಿರುಕು ಬಿಟ್ಟ ಗೋಡೆಗಳನ್ನೆಲ್ಲ ತೋರಿಸಲು ಮನೆಯಿಂದ ಮನೆಗೆ ಕರೆದೊಯ್ಯುತ್ತಾರೆ, ಮತ್ತು ಆ ನಿರೀಕ್ಷೆಗೆ ನನ್ನ ಬಳಿ ಉತ್ತರವಿರುವುದಿಲ್ಲ. ಬಿದ್ದವುಗಳ ಜಾಗದಲ್ಲಿ ಈಗ ಸಿಮೆಂಟಿನ ಗೋಡೆಗಳು ಎದ್ದಿವೆ. ಓರೆ ಬಿಸಿಲಿಗೆ ಅವುಗಳಲ್ಲಿ ಹಿಡಿಯಲು ಏನೂ ಸಿಗದು, ಆದರೆ ಹೊಳೆ ಬಂದರೆ ಅವು ನಿಲ್ಲುತ್ತವೆ ಎನ್ನುವವರ ಎದುರು ವಾದಿಸುವ ಹಕ್ಕು ನನಗಿಲ್ಲ.

ಸಂಕ್ರಾಂತಿಗೆ ಕುಸುರೆಳ್ಳು ಹಂಚಿ ಹಗಲು ಬೆಳೆಯಿತೆಂದುಕೊಂಡರೂ ಬೆಳಗಿನ ಸೂರ್ಯೋದಯ ಜನವರಿ ಮೂರನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಏಳಕ್ಕೆ ಸ್ವಲ್ಪ ಮೊದಲು ಊರ ಅಂಚಿನಲ್ಲಿದ್ದರೆ ಸಾಕು. ಶಿವರಾತ್ರಿ ಹತ್ತಿರವಾದಂತೆ ಸೂರ್ಯ ಪೂರ್ವಕ್ಕೆ ಸರಿದು ಈ ಗೋಡೆಗಳಿಂದ ಜಾರಿಕೊಳ್ಳುತ್ತಾನೆ. ಅಜ್ಜಿ ಹೇಳಿದ ಆ ಚಂದದ ಬಾಗಿಲು ಉತ್ತರಕ್ಕಿದೆ. ಚಳಿಗಾಲದಲ್ಲಿ ಅದಕ್ಕೆ ಸಿಗುವುದು ಎದುರಿನ ಮನೆಯ ಸುಣ್ಣದ ಗೋಡೆಗೆ ಹನ್ನೊಂದರ ಮೇಲೆ ಬಿದ್ದು ಮರಳುವ ಬೆಳಕು ಮಾತ್ರ. ಅದರ ಕೆತ್ತನೆಯ ಮೇಲೆ ಓರೆ ಬಿಸಿಲು ಬೀಳಬೇಕಾದರೆ ಸೂರ್ಯ ಈಶಾನ್ಯದ ಕಡೆಗೆ ವಾಲಿ ಹುಟ್ಟಬೇಕು, ಅಂದರೆ ಮೇ ತಿಂಗಳ ಕೊನೆಯ ವಾರ. ಮುಂಗಾರಿನ ಮೋಡ ಬರುವುದರೊಳಗೆ, ಬೆಳಿಗ್ಗೆ ಆರೂವರೆಯ ಸುಮಾರಿಗೆ ಅಲ್ಲಿರಬೇಕು.