ಯಾವ ಬ್ಯಾಟರಾಯನಪುರ?

ಆನ್‌ಲೈನ್ ಸುದ್ದಿ ಡೆಸ್ಕ್‌ನಲ್ಲಿ ಕರೆಂಟ್ ಹೋಗುವ ಸುದ್ದಿಗೆ ಅಷ್ಟೇನೂ ಮರ್ಯಾದೆ ಇಲ್ಲ. ರಾಜಕೀಯ, ಸಿನಿಮಾ, ಕ್ರಿಕೆಟ್ ಬರೆಯಲು ಎಲ್ಲರೂ ಮುಂದೆ. ನಾಳೆ ಎಲ್ಲೆಲ್ಲಿ ಕರೆಂಟ್ ಇರುವುದಿಲ್ಲ ಎಂಬ ಪಟ್ಟಿ ಮಾತ್ರ ಹೊಸದಾಗಿ ಸೇರಿದ ಹುಡುಗನ ತಲೆಗೆ. ಆದರೆ ಬೆಂಗಳೂರಿನಲ್ಲಿ ಜನ ನಂಬಿಕೊಂಡು ದಿನ ಹೊಂದಿಸಿಕೊಳ್ಳುವ ಸುದ್ದಿ ಅಂದರೆ ಇದೇ. ಮೋಟರ್ ಹಾಕಿ ಟ್ಯಾಂಕ್ ತುಂಬಿಸುವುದು, ದೋಸೆಗೆ ರುಬ್ಬಿಡುವುದು, ಮನೆಯಿಂದ ಕೆಲಸ ಮಾಡುವವರು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಡುವುದು, ಎಲ್ಲ ಅದನ್ನು ನೋಡಿಕೊಂಡೇ.

ಕಳೆದ ಬೇಸಿಗೆಯ ಒಂದು ಸಂಜೆ ಇಂಥದ್ದೇ ಸುದ್ದಿಯ ಮೇಲೆ ನಮ್ಮ ಆಫೀಸಿನಲ್ಲಿ ದೊಡ್ಡ ವಾದ ಎದ್ದಿತು. ನಾನು ಪಕ್ಕದ ಸಾಲಿನಲ್ಲಿ ಜಾಹೀರಾತಿನ ಕಾಪಿ ನೋಡುತ್ತಾ ಕೂತಿದ್ದೆ. ಹುಡುಗ ‘ನಾಳೆ ಈ ಏರಿಯಾಗಳಲ್ಲಿ ಕರೆಂಟ್ ಇರಲ್ಲ’ ಅಂತ ತಲೆಬರಹ ಕೊಟ್ಟಿದ್ದ. ನಾವೆಲ್ಲ ಮೇಷ್ಟ್ರು ಎಂದೇ ಕರೆಯುವ ನಮ್ಮ ಹಿರಿಯ ಸಂಪಾದಕರು ಅದನ್ನು ಒಪ್ಪಲಿಲ್ಲ. ‘ವಿದ್ಯುತ್ ವ್ಯತ್ಯಯ’ ಎಂದಾಗಬೇಕು, ‘ಇರಲ್ಲ’ ಬರಹದ ಭಾಷೆಯಲ್ಲ ಎಂದರು. ಮಾರ್ಕೆಟಿಂಗ್‌ನವರು ಬಂದು, ಜನ ಗೂಗಲ್‌ನಲ್ಲಿ ಹುಡುಕುವುದು ‘ಪವರ್ ಕಟ್’ ಅಂತ, ಅದನ್ನೇ ಹಾಕಿ ಎಂದರು. ಇನ್ನೊಬ್ಬರು ಮಹಾಪ್ರಾಣದವರೆಗೂ ಎಳೆದರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರೇ ಮಹಾಪ್ರಾಣ ಬೇಡ ಎಂದಿದ್ದಾರೆ, ನಾವು ಯಾಕೆ ಇಷ್ಟು ಮಡಿ ಮಾಡಬೇಕು ಅಂತ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಭಟ್ಟರು ಒಂದು ನಿಯಮ ಮಾಡಿಕೊಂಡು, ಅದಕ್ಕೆ ಕಾರಣ ಕೊಟ್ಟು, ತಮ್ಮ ಪುಸ್ತಕಗಳಲ್ಲೂ ಹಾಗೇ ಬರೆದವರು. ಅವರನ್ನು ಒಪ್ಪಬಹುದು, ಬಿಡಬಹುದು. ಆದರೆ ಅವಸರದಲ್ಲಿ ‘ಹಾರ್ಧಿಕ ಶುಭಾಷಯ’ ಅಂತ ಟೈಪ್ ಮಾಡಿದವರು ಅವರ ಹೆಸರು ಹೇಳಬಾರದು.

ಮೇಷ್ಟ್ರ ಬಗ್ಗೆ ನನಗೆ ಗೌರವ ಜಾಸ್ತಿ. ಪ್ರಜಾವಾಣಿಯಲ್ಲಿ 1991ರಲ್ಲಿ ಶುರುವಾಗಿ ವರ್ಷಗಟ್ಟಲೆ ಬಂದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣವನ್ನು ಕತ್ತರಿಸಿ ಫೈಲ್ ಮಾಡಿ ಇಟ್ಟುಕೊಂಡವರು ಅವರು. ಓದುಗರು ಯಾವುದೋ ಪದದ ಬಗ್ಗೆ ಪ್ರಶ್ನೆ ಕಳಿಸುತ್ತಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದವರೇ ಕೂತು ಉತ್ತರ ಬರೆಯುತ್ತಿದ್ದರು. ಆ ಅಂಕಣದಲ್ಲಿ ನನಗೆ ಹಿಡಿಸುವುದು ಇದೇ. ಅಲ್ಲಿ ಶುರು ಮಾಡುತ್ತಿದ್ದವನು ಓದುಗ. ಅವನಿಗೆ ಏನು ಗೊತ್ತಾಗಬೇಕಿತ್ತೋ ಅದು ಮೊದಲು.

ಅಂದು ನಮ್ಮಲ್ಲಿ ಹಾಗಾಗಲಿಲ್ಲ. ತಲೆಬರಹದ ವಾದ ಮುಗಿದು, ‘ವಿದ್ಯುತ್ ವ್ಯತ್ಯಯ’ ಗೆದ್ದು, ಸುದ್ದಿ ಪ್ರಕಟವಾಯಿತು. ಕೆಳಗಿದ್ದ ಪಟ್ಟಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ ಆಫೀಸಿಗೆ ಬಂದ ಫೋನ್ ನಾನೇ ಎತ್ತಿದೆ. ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ ಫ್ಲೋರ್ ಮಿಲ್ ನಡೆಸುವ ಹೆಂಗಸು. ‘ಏನಮ್ಮಾ, ಹತ್ತು ಗಂಟೆಯಿಂದ ಕರೆಂಟ್ ಇರಲ್ಲ ಅಂತ ಹಾಕಿದ್ದೀರಿ. ನೋಡಿದ್ರೆ ಇದ್ದೇ ಇದೆ. ರಾಗಿ ತಂದೋರನ್ನೆಲ್ಲ ನಾಳೆ ಬನ್ನಿ ಅಂತ ವಾಪಸ್ ಕಳಿಸಿಬಿಟ್ಟೆ. ಮಿಲ್ ಹುಡುಗನಿಗೂ ರಜಾ ಕೊಟ್ಟೆ. ಇವತ್ತಿನ ವ್ಯಾಪಾರ ಯಾರು ಕೊಡ್ತಾರೆ?’ ಬೈಯಲಿಲ್ಲ ಅವರು. ಕೇಳಿದರು ಅಷ್ಟೇ.

ಸುದ್ದಿ ತೆಗೆದು ನೋಡಿದೆ. ‘ಬ್ಯಾಟರಾಯನಪುರ’ ಅಂತಿತ್ತು. ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡಿವೆ. ಒಂದು ಮೈಸೂರು ರಸ್ತೆಯಲ್ಲಿ, ದೀಪಾಂಜಲಿನಗರದ ಹತ್ತಿರ. ಇನ್ನೊಂದು ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳ ದಾಟಿದ ಮೇಲೆ. ಕರೆಂಟ್ ಹೋಗಿದ್ದು ಹೆಬ್ಬಾಳದ ಕಡೆ. ವಿದ್ಯುತ್ ಕಂಪನಿಯ ಮೂಲ ಪ್ರಕಟಣೆಯ ಮೊದಲ ಸಾಲಲ್ಲೇ ಯಾವ 66/11 ಕೆ.ವಿ. ಸಬ್‌ಸ್ಟೇಷನ್ ವ್ಯಾಪ್ತಿ ಅಂತ ಬರೆದಿದ್ದರು. ಓದುಗರಿಗೆ ಇದೆಲ್ಲ ಯಾಕೆ ಅಂತ ನಮ್ಮಲ್ಲಿ ಆ ಸಾಲನ್ನೇ ಕಿತ್ತು ಹಾಕಿದ್ದರು. ಯಾವ ಬ್ಯಾಟರಾಯನಪುರ ಎಂದು ತಿಳಿಯಲು ಇದ್ದದ್ದು ಅದೊಂದೇ ಗುರುತು.

ಉಳಿದ ಹೆಸರುಗಳನ್ನೂ ಓದಿದೆ. ಇಂಗ್ಲಿಷ್ ಪಟ್ಟಿಯನ್ನು ಸಾಫ್ಟ್‌ವೇರಿಗೆ ಹಾಕಿ ಕನ್ನಡ ಮಾಡಿದ್ದರು. ಹುಳಿಮಾವು ‘ಹುಲಿಮಾವು’ ಆಗಿತ್ತು. ಮಡಿವಾಳ ‘ಮಡಿವಾಲ’, ಬಾಣಸವಾಡಿ ‘ಬನಸ್ವಾಡಿ’. ಇಂಗ್ಲಿಷ್ ಅಕ್ಷರದಲ್ಲಿ ಲ, ಳ ಎರಡಕ್ಕೂ ಒಂದೇ ಗುರುತು, ನ, ಣ ಎರಡಕ್ಕೂ ಒಂದೇ, ದೀರ್ಘ ಗೊತ್ತಾಗುವುದೇ ಇಲ್ಲ. ಹಾಗಾಗಿ ಊರಿನ ಹೆಸರು ಗೊತ್ತಿರುವ ಮನುಷ್ಯ ಒಬ್ಬ ಕಣ್ಣಾಡಿಸದೆ ಅದು ಸರಿಹೋಗುವುದಿಲ್ಲ. ಹುಳಿಮಾವಿನವರು ಅದನ್ನು ಊಹಿಸಿ ಓದಿಕೊಳ್ಳುತ್ತಾರೆ, ಅದೇ ಬೇರೆ ಮಾತು. ಆದರೆ ತಮ್ಮೂರಿನ ಹೆಸರನ್ನು ಜನ ಯಾಕೆ ಊಹಿಸಿ ಓದಬೇಕು? ಕನ್ನಡದಲ್ಲೇ ಬರೆಯುತ್ತಿದ್ದೇವೆ ಅಲ್ವಾ?

ಮೇಷ್ಟ್ರು ಬಂದ ಕೂಡಲೇ ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. ‘ಸರ್, ನಿನ್ನೆ ನಾವು ತಲೆಬರಹಕ್ಕೆ ಕೊಟ್ಟ ಹೊತ್ತಿನಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟಿದ್ದರೆ ಸಾಕಿತ್ತು’ ಎಂದೆ. ಅವರು ಏನೂ ಹೇಳದೆ ಕೆಂಪು ಪೆನ್ ತೆಗೆದುಕೊಂಡು ಕೂತರು. ಮೊದಲು ಸುದ್ದಿ ತಿದ್ದಿಸಿದರು, ಏನು ತಿದ್ದಿದೆ ಎಂದು ಮೇಲ್ಗಡೆಯೇ ಹಾಕಿಸಿದರು, ಮಿಲ್‌ನವರಿಗೆ ತಾವೇ ಫೋನ್ ಮಾಡಿದರು. ಆಮೇಲೆ ಬಡಾವಣೆಗಳ ಪಟ್ಟಿ ಬರೆಯಲು ಶುರು ಮಾಡಿದರು. ಬೆಳ್ಳಂದೂರು ‘ಬೆಲ್ಲಂದೂರ್’ ಅಲ್ಲ. ಕೊಡಿಗೇಹಳ್ಳಿ ಎಂದರೆ ಸಹಕಾರನಗರದ ಪಕ್ಕದ್ದೋ ಮಾಗಡಿ ರಸ್ತೆ ಕಡೆಯದೋ ಬರೆಯಲೇಬೇಕು. ಮಾರುತಿನಗರ, ವಿನಾಯಕನಗರ ಬಂದರೆ ಹತ್ತಿರದ ದೊಡ್ಡ ರಸ್ತೆ ಹೇಳದೆ ಹಾಕಬಾರದು. ಅನುಮಾನ ಬಂದ ಹೆಸರುಗಳಿಗೆ ಬಸ್‌ಸ್ಟಾಪಿನ ಕನ್ನಡ ಬೋರ್ಡ್ ನೋಡಿ ಬರಲು ಹುಡುಗನನ್ನು ಕಳಿಸಿದರು. ಅವನೂ ಖುಷಿಯಿಂದ ಫೋಟೊ ಕಳಿಸುತ್ತಾ ಹೋದ. ಒಂದು ಪದಕ್ಕೆ ದಿನವಿಡೀ ತಲೆ ಕೆಡಿಸಿಕೊಳ್ಳುವ ಮೇಷ್ಟ್ರ ಹಠ ಅಂದು ನಿಜಕ್ಕೂ ಜನರ ಕೆಲಸಕ್ಕೆ ಬಂತು.

ನಾನೂ ಕಾಗುಣಿತ ಬಿಟ್ಟುಕೊಡುವವಳಲ್ಲ. ಜಾಹೀರಾತಿನಲ್ಲಿ ಒತ್ತಕ್ಷರ ತಪ್ಪಿದರೆ ಕಾಪಿ ವಾಪಸ್ ಕಳಿಸುತ್ತೇನೆ. ಆದರೆ ‘ನಾಳೆ ಶಾಲೆಗಳಿಗೆ ರಜೆ?’ ಅಂತ ಮಳೆಗಾಲದಲ್ಲಿ ತಲೆಬರಹ ಹಾಕುತ್ತಾರಲ್ಲ, ಅದರಲ್ಲಿ ವ್ಯಾಕರಣದ ತಪ್ಪು ಒಂದೂ ಇರುವುದಿಲ್ಲ. ಕೆಳಗೆ ನೋಡಿದರೆ ಜಿಲ್ಲೆಯೂ ಇಲ್ಲ, ಆದೇಶವೂ ಇಲ್ಲ. ಮಗುವಿಗೆ ಡಬ್ಬಿ ಕಟ್ಟಬೇಕೋ ಬೇಡವೋ ತಿಳಿಯದೆ ಅಮ್ಮ ಮೊಬೈಲ್ ಹಿಡಿದು ನಿಂತಿರುತ್ತಾಳೆ. ಅಂಥ ತಲೆಬರಹಗಳಿಗೂ ಕೆಂಪು ಪೆನ್ ಬೇಕು ಅಂತ ಈಗ ಮೇಷ್ಟ್ರ ಹತ್ತಿರ ಹಟ ಹಿಡಿದಿದ್ದೇನೆ.

ಪಟ್ಟಿ ಇನ್ನೂ ಬೆಳೆಯುತ್ತಿದೆ. ಬನ್ನೇರುಘಟ್ಟ ರಸ್ತೆಯದು ಅರಕೆರೆಯೋ ಅರೆಕೆರೆಯೋ ಎಂಬುದು ಬಗೆಹರಿದಿಲ್ಲ, ಎರಡೂ ಬಗೆಯಲ್ಲಿ ಬರೆಯುವವರಿದ್ದಾರೆ. ಅಲ್ಲಿನ ಹಳಬರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ.