ರಿಮಾಜ್‌ಗೆ ಕೊನೆಗೂ ಸಿಕ್ಕ ಜೋಡಿ: ನೀರಿನ ಗನಾಶ್

ಕೊನೆಗೂ ಗಂಟು ಬಿಚ್ಚಿತು! ದಕ್ಷಿಣ ಫ್ರಾನ್ಸಿನ ಸಿಹಿ ಕೆಂಪು ವೈನ್ ಬಾನ್ಯುಲ್ಸ್ ರಿಮಾಜ್‌ಗೆ ಹೊಂದುವ ಚಾಕೊಲೇಟ್ ತಿಂಡಿ ಹುಡುಕುತ್ತಿದ್ದೆ. ನಿನ್ನೆ ರಾತ್ರಿ ಅದರ ಒಂದು ಗುಟುಕು, ಒಂದು ತುಂಡು ಗನಾಶ್ (ಕರಗಿಸಿದ ಚಾಕೊಲೇಟಿನ ಮೆತ್ತನೆ ಮಿಶ್ರಣ), ಮತ್ತೆ ಒಂದು ಗುಟುಕು. ಚೆರ್ರಿ ರುಚಿ ಎಲ್ಲೂ ಓಡಿಹೋಗಲಿಲ್ಲ. ಖುಷಿಗೆ ನಿದ್ದೆಯೇ ಬರಲಿಲ್ಲ.

ಬಾನ್ಯುಲ್ಸ್‌ಗೆ ಚಾಕೊಲೇಟ್ ಹೇಳಿ ಮಾಡಿಸಿದ ಜೋಡಿ ಅಂತ ಎಲ್ಲರೂ ಹೇಳುತ್ತಾರೆ. ಹಳೇ ಬಾನ್ಯುಲ್ಸ್ ವಿಷಯದಲ್ಲಿ ಅದು ನಿಜ. ಗಾಳಿ ಸೋಕುತ್ತಾ ಪೀಪಾಯಿಯಲ್ಲಿ ಮಾಗಿದ್ದಕ್ಕೆ ಕಾಫಿ, ಅಕ್ರೋಟು, ಒಣ ಅಂಜೂರದ ರುಚಿ ಬಂದಿರುತ್ತದೆ. ‘ಗ್ರಾಂ ಕ್ರೂ’ ಅನ್ನೋ ಮೇಲ್ದರ್ಜೆಯದಾದರಂತೂ ಮರದ ಪೀಪಾಯಿಯಲ್ಲೇ ಕನಿಷ್ಠ 30 ತಿಂಗಳು. ಅದು ಕಪ್ಪು ಚಾಕೊಲೇಟ್ ಜೊತೆ ಸಲೀಸಾಗಿ ಹೊಂದಿಕೊಳ್ಳುತ್ತದೆ. ರಿಮಾಜ್ ಹಾಗಲ್ಲ. ಅದನ್ನು ಗಾಳಿ ತಾಕಿಸದೆ ಬೇಗ ಬಾಟಲಿಗೆ ಇಳಿಸುತ್ತಾರೆ. ತಾಜಾ ಹಣ್ಣಿನ ಪರಿಮಳವೇ ಅದರ ಜೀವ. ಗ್ರೆನಾಶ್ ದ್ರಾಕ್ಷಿಯ ಒಗರೂ ಇನ್ನೂ ಇಳಿದಿರುವುದಿಲ್ಲ. ಕ್ರೀಮ್ ಹಾಕಿದ ಮಾಮೂಲಿ ಗನಾಶ್ ತಿಂದು ಕುಡಿದರೆ ಮೊದಲು ಹಣ್ಣು ಮಾಯ. ಆಮೇಲೆ ಹುಳಿ. ಕೊನೆಗೆ ಗಂಟಲಲ್ಲಿ ಆಲ್ಕೋಹಾಲಿನ ಉರಿ.

ವೈನ್ ತಿಂಡಿಗಿಂತ ಸಿಹಿಯಾಗಿರಬೇಕು ಅನ್ನೋ ಸೂತ್ರ ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ನನ್ನ ಬಾಟಲಿಯಲ್ಲಿ ಲೀಟರಿಗೆ ಹೆಚ್ಚುಕಡಿಮೆ 100 ಗ್ರಾಂ ಸಕ್ಕರೆ ಇದೆ, ಅಂದರೆ 100 ಮಿಲಿಗೆ ಬರೀ 10 ಗ್ರಾಂ. ಶೇ 70 ಕೋಕೋ ಇರುವ ಚಾಕೊಲೇಟ್‌ನಲ್ಲಿ 100 ಗ್ರಾಂಗೆ ಸುಮಾರು 30 ಗ್ರಾಂ. ಚಾಕೊಲೇಟೇ ಎಷ್ಟೋ ಜಾಸ್ತಿ ಸಿಹಿ, ಅಲ್ವಾ? ಕಹಿ ಅದನ್ನು ಮರೆಮಾಡುತ್ತದೆ, ಅಷ್ಟೇ. ಸಕ್ಕರೆ ಕಡಿಮೆ ಆಗಲಿ ಅಂತ ಶೇ 85ಕ್ಕೆ ಹೋದರೆ ಕಹಿ ಏರುತ್ತದೆ, ಅದರ ಜೊತೆ ಉರಿಯೂ ಏರುತ್ತದೆ.

ಮಡಗಾಸ್ಕರ್ ಕೋಕೋ ಮೇಲೆ ನನಗೆ ತುಂಬಾ ಆಸೆ ಇತ್ತು. ಅದರಲ್ಲೂ ಕೆಂಪು ಹಣ್ಣಿನ ರುಚಿ, ವೈನಿನಲ್ಲೂ ಕೆಂಪು ಹಣ್ಣು. ಆದರೆ ಆ ಕೋಕೋದ ಹುಳಿ ಬಲು ಚುರುಕು. ಅದರ ಮುಂದೆ ರಿಮಾಜ್‌ನ ಚೆರ್ರಿ ಸಪ್ಪೆ. ಈಕ್ವೆಡಾರ್‌ನದು ಹುಳಿ ಕಡಿಮೆ, ಹೂವಿನ ಪರಿಮಳ, ಸ್ವಲ್ಪ ಬೀಜದ ರುಚಿ. ಅದು ವೈನಿಗೆ ಜಾಗ ಬಿಟ್ಟುಕೊಡುತ್ತದೆ.

ಇಲ್ಲಿ ಅಂಗಡಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ತರಿಸುವ ಕಡೆ ಚೀಲದ ಮೇಲೆ 70 ಅಂತ ದಪ್ಪಗೆ ಬರೆದಿರುತ್ತಾರೆ, ಕೋಕೋ ಯಾವ ದೇಶದ್ದು ಅಂತ ಹೇಳುವುದಿಲ್ಲ. ಆ 70ರಲ್ಲಿ ಕೋಕೋ ಬೆಣ್ಣೆ ಎಷ್ಟು, ಪುಡಿ ಎಷ್ಟು ಅನ್ನೋದೂ ಇಲ್ಲ. ಬೆಣ್ಣೆ ಜಾಸ್ತಿ ಸೇರಿಸಿದ 70, ಸೇರಿಸದ 70, ಎರಡೂ ಬೇರೆ ಬೇರೆ ಪದಾರ್ಥ. ಕೇಳಿ ಮೇಲ್ ಕಳಿಸಿದರೆ ಅದೇ ಜಾಹೀರಾತಿನ ಸಾಲು ವಾಪಸ್ ಬರುತ್ತದೆ. ದುಡ್ಡು ಕೊಟ್ಟು ತಗೊಳ್ಳುವವರಿಗೆ ಇಷ್ಟಾದರೂ ಹೇಳಬೇಕು.

ಕೋಕೋ ಬದಲಿಸಿದರೂ ಉಳಿದ ಸಮಸ್ಯೆ ಕ್ರೀಮ್. ಹಾಲಿನ ಕೊಬ್ಬು ನಾಲಿಗೆಗೆ ಮೆತ್ತಿಕೊಂಡು ಪರಿಮಳವನ್ನೇ ಮಂಕು ಮಾಡುತ್ತದೆ. ಹಾಗಾಗಿ ಕ್ರೀಮ್ ಪೂರ್ತಿ ಬಿಟ್ಟೆ. 100 ಗ್ರಾಂ ಚಾಕೊಲೇಟ್, 75 ಗ್ರಾಂ ಬಿಸಿ ನೀರು, ಎರಡು ಚಿಟಿಕೆ ಉಪ್ಪು. ನೀರನ್ನು ಮೂರು ಸಲ ಹಾಕಿ. ಮೊದಲ ಸಲ ಗಟ್ಟಿಯಾಗಿ, ಒಡೆದು, ಕಾಳುಕಾಳಾಗಿ ಕಾಣುತ್ತದೆ. ಹೆದರಬೇಡಿ, ನಡುವಿನಿಂದಲೇ ತಿರುಗಿಸುತ್ತಾ ಹೋಗಿ. ಎರಡನೇ ಸಲಕ್ಕೆ ಮಧ್ಯದಲ್ಲಿ ಬೆಳ್ಳಿ ಕಾಸಿನಷ್ಟು ಜಾಗ ಮಿರಮಿರ ಹೊಳೆಯಲು ಶುರುವಾಗುತ್ತದೆ, ಆ ಹೊಳಪು ಅಂಚಿನವರೆಗೆ ಹರಡಬೇಕು. ಆಮೇಲೆ ಹ್ಯಾಂಡ್ ಬ್ಲೆಂಡರ್, ಗಾಳಿ ಸೇರದಂತೆ ತಳಕ್ಕೆ ಒತ್ತಿಹಿಡಿದು. ನೀರು ಸೇರಿ ಸಕ್ಕರೆ ಶೇ 17ರ ಹತ್ತಿರಕ್ಕೆ ಇಳಿಯಿತು, ಉಪ್ಪು ಕಹಿಯನ್ನು ತಗ್ಗಿಸಿತು. ಬಾಯಲ್ಲಿ ಬೇಗ ಕರಗಿ ಹೋಗುವುದರಿಂದ ಮುಂದಿನ ಗುಟುಕಿಗೆ ನಾಲಿಗೆ ಖಾಲಿ. ವೈನ್ 15 ಡಿಗ್ರಿಯಲ್ಲಿರಲಿ. ಗನಾಶ್ ಮಾತ್ರ ಫ್ರಿಜ್ಜಿನಿಂದ ತೆಗೆದು ಕೋಣೆಯ ಶಾಖಕ್ಕೆ ಬರಲೇಬೇಕು.

ಈ ಮಧ್ಯೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ. ಬಾನ್ಯುಲ್ಸ್ ಊರಲ್ಲಿ ದೊಡ್ಡ ಗಾಜಿನ ಬುರುಡೆಗಳಲ್ಲಿ ವೈನ್ ತುಂಬಿ, ಉಪ್ಪಿನಕಾಯಿ ಭರಣಿಯ ಹಾಗೆ ಬಯಲಲ್ಲೇ ಬಿಸಿಲಿಗೆ ಇಡುತ್ತಾರೆ. ಹಗಲಿನ ಬಿಸಿ, ರಾತ್ರಿಯ ತಂಪು, ಒಳಗಿರುವ ಗಾಳಿ ಸೇರಿ ರಾನ್ಸಿಯೋ ಅನ್ನೋ, ಅಕ್ರೋಟಿನಂಥ ಮಾಗಿದ ರುಚಿ ಬರುತ್ತದೆ. ತುಲೂಸಿನ ನಮ್ಮ ಬಾಲ್ಕನಿಗೂ ದಕ್ಷಿಣದ ಬಿಸಿಲು ಚೆನ್ನಾಗಿ ಬೀಳುತ್ತದೆ. ಐದು ಲೀಟರಿನ ಬುರುಡೆ ಸಿಕ್ಕರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ರಿಮಾಜ್ ತುಂಬಿ ಒಂದು ವರ್ಷ ಬಿಡುತ್ತೇನೆ. ಒಂದು ಬಾಟಲಿಯನ್ನು ಹೋಲಿಸಿ ನೋಡಲು ಕತ್ತಲಲ್ಲಿ ಎತ್ತಿಡುತ್ತೇನೆ. ಬುರುಡೆಗೆ ಸರಿಯಾದ ಬಿರಡೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಅದಕ್ಕೂ ಮುಂಚೆ ರೋಕ್‌ಫೋರ್ ಅನ್ನೋ ಉಪ್ಪುಪ್ಪು ನೀಲಿ ಚೀಸ್ ಜೊತೆ ಪರೀಕ್ಷೆ ಇದೆ. ಉಪ್ಪು ಇಷ್ಟು ಕೆಲಸ ಮಾಡುತ್ತದೆ ಅಂತಾದರೆ ಅಲ್ಲೂ ರಿಮಾಜ್ ಗೆಲ್ಲಬೇಕು. ತೆರೆದ ಬಾಟಲಿಯ ಹಣ್ಣಿನ ಪರಿಮಳ ಬಹಳ ದಿನ ನಿಲ್ಲುವುದಿಲ್ಲ, ಹಾಗಾಗಿ ಶನಿವಾರವೇ ಕೂರುತ್ತೇನೆ. ಜೊತೆಗೆ ಚೆರ್ರಿ ಕ್ಲಾಫೂತಿಯನ್ನೂ (ಹಣ್ಣಿನ ಮೇಲೆ ಮೊಟ್ಟೆ-ಹಾಲಿನ ಹಿಟ್ಟು ಸುರಿದು ಬೇಯಿಸುವ ಸಿಹಿ) ಬೇಯಿಸುತ್ತೇನೆ, ಸಕ್ಕರೆ ಅರ್ಧಕ್ಕೆ ಇಳಿಸಿ.